ಹಸಿವಾಗಲೆಂದು ಕಟ್ಟಿದ ಬೀಡಿ

ಮೆಟ್‌ಪಲ್ಲಿ
ನವೆಂಬರ್ ೧೯, ಗುರುವಾರ

ನನ್ನ ಅಮ್ಮನಿಗೆ,

ನಿನ್ನ ಸ್ರವಂತಿಯ ನಮಸ್ಕಾರ. ನೀನು ಅಕ್ಷರ ಕೂಡಿಸಿಕೊಂಡು ಓದುವವಳೆಂದು ದೊಡ್ಡದಾಗಿ ಬರೆಯುತ್ತಿದ್ದೇನೆ. ಫೋನು ಅಪ್ಪನ ಜೇಬಿನಲ್ಲೇ ಇರುತ್ತದಲ್ಲ, ಅದಕ್ಕೇ ಕಾಗದ. ಪಕ್ಕದ ಮನೆ ಗಂಗವ್ವ ಆರ್ಮೂರಿಗೆ ಮಗಳನ್ನು ನೋಡಲು ಬರುತ್ತಿದ್ದಾಳೆ, ಅವಳ ಕೈಯಲ್ಲಿ ಕಳಿಸುತ್ತೇನೆ. ಓದಿದ ಮೇಲೆ ಒಲೆಗೆ ಹಾಕು.

ಸೀಮಂತಕ್ಕೆ ಇನ್ನು ಹತ್ತು ದಿನ. ಅವತ್ತು ನೀನು ಸೀರೆ ಬಳೆ ತಂದು, ಮಡಿಲು ತುಂಬಿ, ಚೊಚ್ಚಲ ಹೆರಿಗೆಗೆ ನನ್ನನ್ನು ಕರೆದುಕೊಂಡು ಹೋಗಬೇಕು. ಅದನ್ನೇ ಹೇಳಬೇಕಿತ್ತು. ನಾನು ಬರುವುದಿಲ್ಲ. ಇಲ್ಲ, ಬರಬೇಕೆಂದೂ ಅನ್ನಿಸುತ್ತದೆ. ನಿನ್ನ ಕೈ ಹಿಡಿದುಕೊಳ್ಳದೆ ಹೆರುವುದು ಹೇಗೆ? ನನಗೊಂದೂ ತಿಳಿಯುತ್ತಿಲ್ಲ ಅಮ್ಮಾ, ಆದದ್ದನ್ನು ಆದ ಹಾಗೆ ಹೇಳುತ್ತೇನೆ.

ಮಗು ಬೆಳೆಯುತ್ತಿಲ್ಲ. ಏಳು ತಿಂಗಳಿಗೆ ಇರಬೇಕಾದ ತೂಕ ಅದಕ್ಕಿಲ್ಲ, ನನ್ನ ಮೈಯಲ್ಲಿ ರಕ್ತವಿಲ್ಲ. ಬಿ.ಪಿ. ನೋಡಲು ತೋಳಿಗೆ ಪಟ್ಟಿ ಸುತ್ತುತ್ತಾರಲ್ಲ, ಅದು ಬಿಗಿಯತೊಡಗಿದರೆ ಸಾಕು, ನನ್ನ ಎದೆ ಡವಡವ ಹೊಡೆದುಕೊಳ್ಳುತ್ತದೆ, ಮೈ ಬೆವರುತ್ತದೆ. “ಹದಿನೆಂಟಕ್ಕೇ ಇಷ್ಟು ಬಿ.ಪಿ.ನಾ ನಿಂಗೆ?” ಎಂದು ನರ್ಸ್ ಸುಲೋಚನಮ್ಮ ಮೂರು ಸಲ ನೋಡಿದರು.

ಅತ್ತೆ ಊಟಕ್ಕೇನೂ ಕಡಿಮೆ ಮಾಡಿಲ್ಲ. ಅವರ ಬಾಯಿ ನಿನಗೆ ಗೊತ್ತಲ್ಲ. “ಏನೇ, ಗುಬ್ಬಿ ಹಂಗೆ ಕುಕ್ತಾ ಕೂತಿದೀಯ? ನಾಳೆ ದುಡಿಯೋಕೆ ಹೋಗಿರೋ ನನ್ ಮಗ ಭಿವಂಡಿಯಿಂದ ಬಂದು, ಅವ್ವಾ ನೀನು ನನ್ ಹೆಂಡ್ತೀನ ಉಪವಾಸ ಕೆಡವಿದ್ಯಾ ಅಂದ್ರೆ ಏನ್ ಹೇಳ್ಲಿ?” ಎಂದು ಬಯ್ಯುತ್ತಲೇ ಬಿಸಿ ಜೋಳದ ರೊಟ್ಟಿ ಹಾಕುತ್ತಾರೆ. ದೃಷ್ಟಿಯೆಂದು ಮೆಣಸಿನಕಾಯಿ ನಿವಾಳಿಸಿದ್ದೂ ಆಯಿತು. ನನಗೆ ಹಸಿವೇ ಇಲ್ಲ. ಎರಡು ತುತ್ತಿಗೇ ತಟ್ಟೆ ಸರಿಸಿಬಿಡುತ್ತೇನೆ.

ಒಂದು ದಿನ ಗಂಗವ್ವನ ಮನೆಗೆ ಹೋದವಳು ಅವಳ ಬೀಡಿ ಮೊರ ಎಳೆದುಕೊಂಡು, ಬೇಸರ ಕಳೆಯಲೆಂದು ಇಪ್ಪತ್ತೈದು ಬೀಡಿ ಕಟ್ಟಿದೆ. ಎದ್ದಾಗ ಎಂಥ ಹಸಿವು ಅಂತೀ! ಅವಳ ಮನೆಯ ತಂಗಳನ್ನವನ್ನೇ ಉಪ್ಪಿನಕಾಯಿ ಕಲಸಿಕೊಂಡು ತಿಂದೆ. ಅಂದಿನಿಂದ ಅತ್ತೆಯ ಕಣ್ಣು ತಪ್ಪಿಸಿ ದಿನಾ ಹೋಗಿ ಕಟ್ಟಿದೆ. ಮಗುವಿಗೆ ಒಳ್ಳೆಯದೇ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ, ಪೆದ್ದಿ.

ಸೋಮವಾರ ಆಸ್ಪತ್ರೆಯಲ್ಲಿ ಸುಲೋಚನಮ್ಮ ನನ್ನ ಕೈ ಮೂಸಿ ನೋಡಿ ಅತ್ತೆಯ ಮೇಲೆ ಹರಿಹಾಯ್ದರು. “ಬಸುರಿ ಕೈಲಿ ಹೊಗೆಸೊಪ್ಪು ಮುಟ್ಟಿಸ್ತೀಯಲ್ಲ ಮಲ್ಲವ್ವ, ಆ ಧೂಳು ಮಗೂಗೆ ವಿಷ! ನಾಚಿಕೆ ಆಗಲ್ವಾ?”

ಅತ್ತೆ ಹೌಹಾರಿದರು. “ನಾನಾ? ನಮ್ಮನೇಲಿ ಬೀಡಿ ಮೊರ ಇದ್ರೆ ಬಂದು ನೋಡಮ್ಮ! ಸೊಸೇನ ತಲೆ ಮೇಲೆ ಕೂರಿಸ್ಕೊಂಡಿದಾಳೆ ಅಂತ ಓಣಿಯೆಲ್ಲ ನನ್ನ ಆಡ್ಕೊಳ್ತಾರೆ!”

ಆ ಪುಣ್ಯಾತ್ಗಿತ್ತಿಗೆ ಕೆಟ್ಟ ಹೆಸರು ಬರಬಾರದೆಂದು ಬಾಯಿಬಿಟ್ಟೆ. ಎಂಟು ವರ್ಷದವಳಿದ್ದಾಗಿನಿಂದ ಬೀಡಿ ಮುಗಿಯದೆ ನನಗೆ ಅನ್ನವಿರಲಿಲ್ಲ ಎಂದೆ. ಸಡಿಲ ಬೀಡಿಯೆಂದು ಕಾರ್ಖಾನೆಯವರು ತೆಗೆದೆಸೆದ ದಿನ ಅಪ್ಪ ತೋಳು ಹಿಡಿದೆಳೆದು ಬೆಲ್ಟಿನಿಂದ ಹೊಡೆಯುತ್ತಿದ್ದ, ಆಮೇಲೆ ತಟ್ಟೆಯನ್ನೂ ಎತ್ತಿಡುತ್ತಿದ್ದ ಎಂದೆ. ಅಮ್ಮ ಅಡ್ಡ ಬರುತ್ತಿದ್ದಳು ಎಂದೂ ಹೇಳಿದೆ. ಅದು ಸುಳ್ಳು. ನೀನು ತಲೆ ಎತ್ತದೆ ಬೀಡಿ ಕಟ್ಟುತ್ತಲೇ ಇರುತ್ತಿದ್ದೆ.

ಸುಲೋಚನಮ್ಮ ನನ್ನ ಬೆನ್ನು ಸವರಿದರು. “ಚಿಕ್ಕಂದಿನಿಂದ ಹೆದರಿದ ಮೈ ಕಣಮ್ಮ ಇದು, ಇನ್ನೂ ಹೆದರ್ತಾನೇ ಇದೆ. ಮಗು ಅದರೊಳಗೇ ತಾನೇ ಇರೋದು? ನಿನ್ನ ತಪ್ಪಲ್ಲ” ಎಂದರು. ಇದು ನನಗೆ ಅರ್ಥವಾಗುವುದಿಲ್ಲ. ಪೆಟ್ಟು ತಿಂದದ್ದು ಆಗ, ಮಗು ಬಂದದ್ದು ಈಗ. ಈ ಮನೆಯಲ್ಲಿ ನನ್ನನ್ನು ಯಾರೂ ಹೊಡೆಯುವುದಿಲ್ಲ. ಹಾಗಿದ್ದ ಮೇಲೆ ಆ ಪೆಟ್ಟು ಮಗುವನ್ನು ಮುಟ್ಟಿದ್ದು ಹೇಗೆ? ಎಲ್ಲರ ಅಪ್ಪಂದಿರೂ ಹೊಡೆಯುತ್ತಾರೆಂದೇ ನಾನು ತಿಳಿದಿದ್ದೆ.

ಮನೆ ಸೇರಿದ ಮೇಲೆ ಅತ್ತೆ ಅಂದರು, “ತವರಿಗೆ ಕಳ್ಸೋ ಮಾತೇ ಇಲ್ಲ. ಶಾಸ್ತ್ರಕ್ಕೆ ಬೆಂಕಿ ಬೀಳ್ಲಿ. ಇಲ್ಲೇ ಹೆರು.”

ಚೊಚ್ಚಲ ಬಸುರಿಯನ್ನು ಕರೆದೊಯ್ಯದಿದ್ದರೆ ಜನ ನಿನ್ನನ್ನೇ ಅನ್ನುತ್ತಾರೆ, ಗೊತ್ತು. ಅಪ್ಪ ಆ ಸಿಟ್ಟನ್ನು ನಿನ್ನ ಮೇಲೆ ತೀರಿಸಿಕೊಳ್ಳುತ್ತಾನೆ, ಅದೂ ಗೊತ್ತು. ಆದರೂ ಒಂದೇ ಒಂದು ಬೇಡಿಕೊಳ್ಳುತ್ತೇನೆ. ಬಾ, ಬಳೆ ತೊಡಿಸು, ಆದರೆ ಜನರ ಮುಂದೆ “ನಡಿ ಮಗಳೇ” ಅನ್ನಬೇಡ. ನೀನು ಕರೆದರೆ ನಾನು ಎದ್ದು ಬಂದುಬಿಡುತ್ತೇನೆ. ಆ ಮನೆಯಲ್ಲಿ ಈ ಮಗು ಉಳಿಯುವುದಿಲ್ಲ ಅಮ್ಮಾ, ನನಗೆ ಭಯವಾಗುತ್ತಿದೆ.

ನಿನ್ನ ಮೇಲೆ ಇರುವುದು ಕೋಪವೋ ಪ್ರೀತಿಯೋ ತಿಳಿಯದ,
ನಿನ್ನ ಮಗಳು
ಸ್ರವಂತಿ

ಮತ್ತೆ: ಸುಲೋಚನಮ್ಮ ಇನ್ನೊಂದು ಕೇಳಿದ್ದರು, ಹುಟ್ಟಿದಾಗ ನಾನು ಹೇಗಿದ್ದೆ ಎಂದು. “ಅಂಗೈಯಷ್ಟಿದ್ದೆ, ಇಲಿಮರಿ!” ಎಂದು ನೀನು ನಗುತ್ತಿದ್ದೆಯಲ್ಲ, ನಾನೂ ನಗುತ್ತಲೇ ಹೇಳಿದೆ. ಅವರು ನಗಲಿಲ್ಲ. ಆಗ ನಿನಗೆ ಹದಿನೇಳು. ಅಮ್ಮಾ, ನಾನು ಹೊಟ್ಟೆಯಲ್ಲಿದ್ದಾಗಲೂ ಅಪ್ಪ ನಿನ್ನನ್ನು ಹೊಡೆಯುತ್ತಿದ್ದನಾ? ಉತ್ತರ ಬರೆಯಬೇಡ. ಹೌದಾದರೆ ಸೀಮಂತದವರೆಗೆ ಕಾಯದೆ ಗಂಗವ್ವ ವಾಪಸು ಬರುವ ಬಸ್ಸಿಗೇ ಅವಳ ಜೊತೆ ಬಂದುಬಿಡು. ನೀನೂ ಇಲ್ಲೇ ಇರಬಹುದಾ ಎಂದು ಅತ್ತೆಯನ್ನು ಕೇಳಿದ್ದೇನೆ. ಮೊದಲು ಬೈದರು, ಆಮೇಲೆ ನನ್ನ ಪಕ್ಕದಲ್ಲಿ ಇನ್ನೊಂದು ಚಾಪೆ ಹಾಸಿದರು.