ಅಕ್ತೋಸ್‌ನ ಕೊರಳಿಗೆ ಜಿಬೆಕ್‌ಳ ಅಂಗಿ

ತಾಸ್‌ಬುಲಾಕ್
ಏಪ್ರಿಲ್, ಗುರುವಾರ ಮಧ್ಯಾಹ್ನ

ಒಂಟೆಮರಿಯಂಥ ನನ್ನ ಮುದ್ದು ಸೊಸೆ ಕುರಾಲಾಯ್‌ಗೆ ನಿನ್ನ ಅಪಾ, ಅತ್ತೆ ರಾಬಿಗಾ ದೂರದಿಂದಲೇ ಹಣೆಗೆ ಮುತ್ತಿಟ್ಟು ಬರೆಯುವುದು.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ವಾಡಿಕೆ. ಆದರೆ ಕ್ಷೇಮ ಎಲ್ಲಿಂದ ಬರಬೇಕು? ತೊಟ್ಟಿಲ ಕೋಣೆ ಬಿಕೋ ಎನ್ನುತ್ತಿದೆ. ನಿನ್ನ ಗಂಡ ಮೇಯ್ರಾಮ್ ಆರಿಹೋದ ಚಹಾ ಕುಡಿದು ಎದ್ದು ಹೋಗುತ್ತಾನೆ. ನಿನ್ನ ಮಾವ ಕುರಿಗಳನ್ನೂ ಬಿಡದೆ ಗದರುತ್ತಿದ್ದಾರೆ. ಫೋನ್ ಮಾಡಿದರೆ ನೀನು "ಹೂಂ ಅಪಾ, ಚೆನ್ನಾಗಿದ್ದೀವಿ ಅಪಾ" ಎಂದಷ್ಟೇ ಹೇಳಿ, ಮಗು ಅಳುತ್ತಿದೆ ಎಂದು ಇಟ್ಟುಬಿಡುತ್ತೀಯ. ಅದು ಅಳುವ ಸದ್ದು ನನಗಂತೂ ಕೇಳಿಸಲಿಲ್ಲ. ಕಾಗದವಾದರೆ ನನ್ನ ಮಾತು ಮುಗಿಯುವ ತನಕ ನೀನು ಕೇಳಲೇಬೇಕು. ಅದಕ್ಕೇ ಬಾಡಿಗೆ ಕಾರಿನ ಸಾಬಿತ್‌ನ ಕೈಲಿ ಇದನ್ನು ಕಳಿಸುತ್ತಿದ್ದೇನೆ. ನಾನೇ ಬರುವುದುಂಟೇ? ಕರೆಯದೆ ಬೀಗರ ಹೊಸ್ತಿಲು ತುಳಿಯುವ ಹೆಂಗಸು ನಾನಲ್ಲವೆಂದು ಊರಿಗೆಲ್ಲ ಗೊತ್ತು.

ನಮ್ಮ ನಾಯಿಮರಿ ಅಕ್ತೋಸ್ ನಿನ್ನನ್ನು ಕಚ್ಚಿದ ದಿನ ನೀನು ಕೂಸು ಜಿಬೆಕ್‌ಳನ್ನು ಉಣ್ಣೆ ಶಾಲಿನಲ್ಲಿ ಸುತ್ತುತ್ತಿದ್ದೆ. ಆ ಮರಿ ಹಾರಿ ಬಂದು ಶಾಲಿನ ತುದಿಯನ್ನೂ ನಿನ್ನ ಮಣಿಕಟ್ಟನ್ನೂ ಒಟ್ಟಿಗೇ ಹಿಡಿಯಿತು. ಕೂಸಿನ ಬಟ್ಟೆಯ ಮೇಲೆ ನಿನ್ನ ರಕ್ತ ಬಿತ್ತು. ಅಷ್ಟಾದರೂ ನಾನು, "ನವಣೆ ಕಾಳಿನಷ್ಟು ಹಲ್ಲು, ಅದಕ್ಕೆ ಇಷ್ಟೊಂದು ಹೆದರೋದಾ?" ಎಂದೆ. ಸಂಜೆಯೊಳಗೆ ನಿನ್ನ ಅಣ್ಣನ ಕಾರು ಅಂಗಳದಲ್ಲಿ ನಿಂತಿತ್ತು. ನಲವತ್ತು ದಿನ ತುಂಬದ ಕೂಸನ್ನು ಹೊರಗೆ, ತವರಿಗೆ ಒಯ್ದಳಲ್ಲ ಎಂದು ನೆರೆಹೊರೆಯವರು ಗೊಣಗಿದರು. ಗೊಣಗಿಕೊಳ್ಳಲಿ. ಹೆತ್ತವಳಿಗೆ ಭಯವಾದ ಮನೆಯಲ್ಲಿ ಅವಳನ್ನು ಇರು ಎನ್ನಲು ಯಾರಿಗೂ ಬಾಯಿಲ್ಲ.

ನಾಯಿ ಹೋದ ಮೇಲೆ ಬರುತ್ತೇನೆ ಎಂದು ಮೇಯ್ರಾಮ್‌ಗೆ ಹೇಳಿದೆಯಂತೆ. ನ್ಯಾಯವೇ. ಮಾರನೆಯ ದಿನವೇ ಬೆಟ್ಟದ ಕುರಿಗಾಹಿ ಅಕ್ತೋಸ್‌ನನ್ನು ಒಯ್ಯಲು ಬಂದಿದ್ದ. ಹಗ್ಗ ಕಟ್ಟಿದ್ದು ನಾನೇ. ಆದರೆ ಹಗ್ಗ ಅವನ ಕೈಗೆ ಕೊಡುವಾಗ ನೀನು ಕಣ್ಣ ಮುಂದೆ ಬಂದೆ. ಇದರ ತಾಯಿ ತೋಳಕ್ಕೆ ಬಲಿಯಾದ ವಾರ, ತುಂಬಿದ ಬಸುರಿಯಾದ ನೀನು ಒಲೆಯ ಪಕ್ಕ ಕೂತು, ಜಿಬೆಕ್‌ಗೆಂದು ತಂದಿಟ್ಟಿದ್ದ ಸೀಸೆಯಲ್ಲಿ ಇದಕ್ಕೆ ಹಾಲು ಕುಡಿಸಿದವಳು. ಎದೆ ಬೆಳ್ಳಗಿದೆಯೆಂದು ಅಕ್ತೋಸ್ ಎಂದು ಹೆಸರಿಟ್ಟವಳೂ ನೀನೇ. ನಾನು ಹಗ್ಗ ಬಿಚ್ಚಿಬಿಟ್ಟೆ. "ಕೂಸಿನ ನಲವತ್ತನೇ ದಿನದ ಸ್ನಾನದ ತನಕ ಬಿಡಪ್ಪ. ಆಮೇಲೂ ಕಚ್ಚಿದ್ರೆ ನೀನು ಕೇಳದಿದ್ರೂ ನಾನೇ ತಂದು ಬಿಡ್ತೀನಿ" ಎಂದೆ. ಅವನು ನಗುತ್ತಾ ಹೋದ.

ಅದಕ್ಕೆ ಕಚ್ಚುವುದನ್ನು ಕಲಿಸಿದವರು ಯಾರು ಹೇಳು? ನಮ್ಮ ಗಂಡಸರೇ. ತೋಳ ಹಿಡಿಯುವ ತಳಿ, ಹಲ್ಲು ಗಟ್ಟಿಯಾಗಬೇಕು ಎಂದು ನಿನ್ನ ಮಾವ ಉಣ್ಣೆಯ ಕೈಗವಸು ತೊಟ್ಟು ದಿನಾ ಅದನ್ನು ರೇಗಿಸುತ್ತಿದ್ದರು. ಬಿಗಿಯಾಗಿ ಹಿಡಿದಷ್ಟೂ ಶಭಾಷ್‌ಗಿರಿ, ಒಂದು ತುಂಡು ಕೊಬ್ಬು. ಉಣ್ಣೆಯೊಳಗೆ ಅಲುಗಾಡುವ ಕೈಯೆಂದರೆ ಆಟ ಎಂದು ಆ ಪ್ರಾಣಿ ತಿಳಿದುಕೊಂಡಿತು. ನಿನ್ನ ಕೈಯೂ ಉಣ್ಣೆ ಶಾಲಿನೊಳಗೇ ಇತ್ತಲ್ಲ. ಇದು ಹೊಳೆದ ದಿನ ನಾನು ಆ ಕೈಗವಸನ್ನು ಒಲೆಗೆ ಹಾಕಿದೆ. ಮನೆಯೆಲ್ಲ ಸುಟ್ಟ ಉಣ್ಣೆಯ ವಾಸನೆ. ನಿನ್ನ ಮಾವ ಮೂಗು ಮುಚ್ಚಿಕೊಂಡು, ನಲವತ್ತು ವರ್ಷದ ಸಂಸಾರದಲ್ಲಿ ನನ್ನಿಂದ ಇಂಥ ಅನ್ಯಾಯ ಕಂಡಿಲ್ಲವೆಂದರು. ಇನ್ನೂ ನಲವತ್ತು ವರ್ಷ ಬಾಳಿದರೆ ಇನ್ನೊಂದು ಕಾಣುತ್ತೀರಿ ಎಂದೆ.

ಸುಡುವುದು ಸುಲಭ, ಕಲಿಸುವುದು ಹೇಗೆ? ಮೂತಿಗೆ ಹೊಡೆದು ನೋಡಿದ ಮೇಯ್ರಾಮ್. ಅದು ಇನ್ನಷ್ಟು ಕೆರಳಿ ಅವನ ಷರಾಯಿ ಹರಿಯಿತು. ಕೊನೆಗೆ ನಾನು ಮರಿಯನ್ನು ಪಕ್ಕದ ಮನೆ ಬಿಬಿಗುಲ್‌ಳ ಕೊಟ್ಟಿಗೆಗೆ ಒಯ್ದೆ. ಅವಳ ನಾಯಿ ಈದಿತ್ತಲ್ಲ, ಅಲ್ಲಿ ಇದರದೇ ವಯಸ್ಸಿನ ಮರಿಗಳಿದ್ದವು. ನಮ್ಮದು ಹೋದದ್ದೇ ಒಂದರ ಕಿವಿ ಹಿಡಿಯಿತು. ಅದು ಕುಂಯ್ ಎಂದು ಕಿರುಚಿ, ತಿರುಗಿ ಕಚ್ಚದೆ, ಬೆನ್ನು ಹಾಕಿ ಹೋಗಿ ತಾಯಿಯ ಪಕ್ಕ ಮಲಗಿತು. ಇನ್ನೊಂದೂ ಹಾಗೆಯೇ ಮಾಡಿತು. ಸ್ವಲ್ಪ ಹೊತ್ತಿಗೆ ಅಕ್ತೋಸ್ ಒಂದೇ ಉಳಿಯಿತು. ಅದು ಪೆಚ್ಚಾಗಿ ಕೂತಿತು. ಒಡಹುಟ್ಟಿದವರಿಲ್ಲದ, ತಾಯಿಯಿಲ್ಲದ ಮರಿಗೆ, ಕಚ್ಚಿದರೆ ಬೇರೆಯವರಿಗೆ ನೋವಾಗುತ್ತದೆ ಎಂಬುದನ್ನು ಯಾರೂ ಹೇಳಿಕೊಟ್ಟೇ ಇರಲಿಲ್ಲ ಕಣೇ.

ಅಂದಿನಿಂದ ನಮ್ಮ ಮನೆಯಲ್ಲಿ ಅದೇ ಕಾನೂನು. ಹಲ್ಲು ತಾಗಿದರೆ "ಅಯ್ಯೋ" ಅನ್ನಬೇಕು, ಕೈ ಕಟ್ಟಿ ಬೆನ್ನು ತಿರುಗಿಸಬೇಕು, ಆಟ ಅಲ್ಲಿಗೇ ಮುಗಿಯಬೇಕು. ಮೆಲ್ಲಗಿದ್ದರೆ ಮಾತು, ಮುದ್ದು, ಕಡಿಯಲು ಕುರಿಯ ಮೂಳೆ. "ತೋಳ ಹಿಡಿಯೋ ನಾಯಿಗೆ ಬೆನ್ನು ತೋರಿಸೋದಾ? ನನ್ನಪ್ಪ ಗೋರಿಯಿಂದ ಎದ್ದು ಬರ್ತಾನೆ" ಎಂದರು ನಿನ್ನ ಮಾವ. ಅವರಪ್ಪ ಬಂದರೆ ಅವರಿಗೂ ಇದೇ ಕಾನೂನು ಎಂದೆ. ಮೊದಲು ಕೆಲವು ದಿನ ನಮ್ಮ ಅಂಗಳ ಹುಚ್ಚರ ಸಂತೆಯಂತಿತ್ತು. ಮೂವರೂ ಅಯ್ಯೋ ಅಯ್ಯೋ ಎಂದು ಮೂರು ದಿಕ್ಕಿಗೆ ತಿರುಗಿ ನಿಲ್ಲುವುದು, ನಡುವೆ ಮರಿ ಕಕ್ಕಾಬಿಕ್ಕಿಯಾಗಿ ನೋಡುವುದು. ಒಂದು ಸಲ ಎಲ್ಲ ಸರಿಹೋಯಿತು ಅನ್ನುವಷ್ಟರಲ್ಲಿ ನನ್ನ ಹೆಬ್ಬೆರಳನ್ನೇ ಹಿಡಿದು, ಇಡೀ ದಿನ ಅಳಿಸಿತು. ನೋವಿಗಲ್ಲ, ನೀನು ಬರುವುದಿಲ್ಲವೇನೋ ಎಂದು ಕಣ್ಣೀರು ಹಾಕಿದೆ.

ನಿಜವಾದ ಪರೀಕ್ಷೆ ಬೇರೆಯೇ ಇತ್ತು. ನಲವತ್ತರ ದಿನ ನಮ್ಮ ಪದ್ಧತಿಯಂತೆ ಜಿಬೆಕ್ ಮೊದಲು ತೊಟ್ಟ ಅಂಗಿಯಲ್ಲಿ ಮಿಠಾಯಿ ಸುತ್ತಿ ನಾಯಿಯ ಕೊರಳಿಗೆ ಕಟ್ಟಬೇಕಲ್ಲ, ಮಕ್ಕಳು ಅಟ್ಟಿಸಿಕೊಂಡು ಹೋಗಿ ಅದನ್ನು ಬಿಚ್ಚಬೇಕಲ್ಲ. ಹಿಡಿಯಲು ಬಂದ ಕೈಗೆ ಬಾಯಿ ಹಾಕುವ ನಾಯಿಗೆ ಯಾರು ತಾನೇ ಅಂಗಿ ಕಟ್ಟುತ್ತಾರೆ? ಹಾಗಾಗಿ ನಿನ್ನೆ ಒಂದು ಹಳೇ ಬಟ್ಟೆಯಲ್ಲಿ ಮಿಠಾಯಿ ಕಟ್ಟಿ ಬಿಬಿಗುಲ್‌ಳ ಮೊಮ್ಮಕ್ಕಳನ್ನು ಕರೆದೆ. ಮರಿಯ ಹಗ್ಗ ನನ್ನ ಕೈಯಲ್ಲೇ ಇತ್ತು. ಅದರ ಜೊತೆ ನಾನೂ ಈ ವಯಸ್ಸಿನಲ್ಲಿ ಅಂಗಳ ಸುತ್ತಿ ಓಡಿದೆ, ನಗಬೇಡ. ಕಿರಿಯವಳು ಜಾನ್ಸಾಯಾ ಉಣ್ಣೆಯ ತೋಳಂಗಿ ತೊಟ್ಟಿದ್ದಳು. ಹಿಂದಿನಿಂದ ಬಂದು ಗಂಟಿಗೆ ಕೈ ಹಾಕಿದಳು. ಅಕ್ತೋಸ್ ಗಕ್ಕನೆ ತಿರುಗಿ ಬಾಯಿ ತೆರೆಯಿತು. ನಾನು ಹಗ್ಗ ಎಳೆಯುವಷ್ಟರಲ್ಲಿ ಆ ಪುಟ್ಟ ಕೈ ಅದರ ಹಲ್ಲಿನ ನಡುವೆ ಇತ್ತು.

ಹಾಗೇ ಬಿಟ್ಟಿತು ಕಣೇ. ಬಿಟ್ಟು, ನೆಕ್ಕಿ, ನನ್ನ ಮುಖ ನೋಡಿತು. ಎಲ್ಲಿ ನಾನು ಬೆನ್ನು ತಿರುಗಿಸಿಬಿಡುತ್ತೇನೋ ಎಂಬಂತೆ ನೋಡಿತು. ಹುಡುಗಿಯ ಕೈಯಲ್ಲಿ ಜೊಲ್ಲು ಬಿಟ್ಟರೆ ಒಂದು ಗೆರೆಯೂ ಇರಲಿಲ್ಲ. ಅವಳು ಮಿಠಾಯಿ ಬಾಯಿಗೆ ಹಾಕಿಕೊಂಡು, "ಅಜ್ಜಿ, ನೀವ್ಯಾಕೆ ಅಳ್ತಿದ್ದೀರಾ?" ಎಂದಳು. ನಿನ್ನ ಮಾವ ಬೇಲಿಯ ಕಡೆ ತಿರುಗಿ ಬಹಳ ಹೊತ್ತು ಮೂಗು ಒರೆಸಿಕೊಂಡರು. ಗಾಳಿಗೆ ಶೀತವಂತೆ.

ಇನ್ನು ಎಂದೂ ಬಾಯಿ ಹಾಕುವುದಿಲ್ಲ ಎಂದು ನಾನು ಆಣೆ ಇಡುವುದಿಲ್ಲ. ಮರಿ ಮರಿಯೇ. ತೊಟ್ಟಿಲ ಕೋಣೆಯ ಬಾಗಿಲಿಗೆ ಮೇಯ್ರಾಮ್ ಸೊಂಟದೆತ್ತರದ ಹಲಗೆ ಹೊಡೆದಿದ್ದಾನೆ. ನಾಯಿ ಆಚೆ, ಕೂಸು ಈಚೆ, ನಡುವೆ ನಮ್ಮಲ್ಲೊಬ್ಬರು. ನೀನು ಅದನ್ನು ನೋಡು. ನಿನ್ನ ಕೈಯನ್ನು ಕೊಟ್ಟು ನೋಡು. ಆಮೇಲೂ ನಿನ್ನ ಮನಸ್ಸು ಒಪ್ಪದಿದ್ದರೆ ಬೆಟ್ಟಕ್ಕೆ ನಾನೇ ಬಿಟ್ಟುಬರುತ್ತೇನೆ, ನಿನ್ನ ಮೇಲೆ ಒಂದು ಮಾತೂ ಬರುವುದಿಲ್ಲ. ನನಗೆ ಮರಿಯ ಮೇಲೆ ಪ್ರೀತಿ ಇದೆ. ಆದರೆ ಒಲೆಯ ಪಕ್ಕ ನೀನು ಕೂರುತ್ತಿದ್ದ ಜಾಗ ಖಾಲಿ ಇದ್ದರೆ ನನಗೆ ಊಟ ಸೇರುವುದಿಲ್ಲ. ಹೆದರಿದ ಮಗಳಿಗೆ ನವಣೆ ಕಾಳಿನ ಲೆಕ್ಕ ಹೇಳಿದೆನಲ್ಲ, ಅದನ್ನು ಮರೆತುಬಿಡು ತಾಯಿ.

ಬೀಗಿತ್ತಿಗೆ ನನ್ನ ಸಲಾಮು ಹೇಳು. ಬೆಣ್ಣೆಯನ್ನೂ ಒಣಮೊಸರಿನ ಉಂಡೆಗಳನ್ನೂ ಕಳಿಸಿದ್ದೇನೆ. ಬಾಣಂತಿ ನೀನು, ಎಲ್ಲವನ್ನೂ ಅಣ್ಣನ ಮಕ್ಕಳಿಗೆ ಹಂಚಿಬಿಡಬೇಡ.

ನಿನ್ನ ದಾರಿ ನೋಡುತ್ತಿರುವ,
ಅಪಾ ರಾಬಿಗಾ

ತಾ.ಕ.: ಇದನ್ನು ಶುಕ್ರವಾರ ಬೆಳಿಗ್ಗೆ ಸಾಬಿತ್‌ನ ಕಾರಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ರಸ್ತೆಯನ್ನು ಬೈದುಕೋ. ಕಿಟಕಿಯಿಂದ ನೋಡು, ಕಾಗದ ಕೊಟ್ಟ ಮೇಲೂ ಕಾರು ನಿಮ್ಮ ಗೇಟಿನ ಹತ್ತಿರವೇ ನಿಂತಿದೆ. ಹಿಂದಿನ ಸೀಟಿನಲ್ಲಿ ನಾನಿದ್ದೇನೆ, ನನ್ನ ಕಾಲ ಬಳಿ ಅಕ್ತೋಸ್ ಇದೆ. ಬೀಗರು ಏನಂದುಕೊಂಡರೂ ಸರಿ, ಕರೆಯದೆಯೇ ಬಂದೆ. ನೀನು ಹೊರಗೆ ಬರದಿದ್ದರೆ ಕೋಪವಿಲ್ಲ, ಮರಿಗೆ ಒಂದು ಬಟ್ಟಲು ನೀರು ಕಳಿಸು, ತಿರುಗಿ ಹೋಗುತ್ತೇವೆ. ಬರುವುದಾದರೆ ಜಿಬೆಕ್‌ಳ ಅಂಗಿ ತಾ. ಮಿಠಾಯಿ ನನ್ನ ಜೇಬಿನಲ್ಲಿದೆ.