ಅಕ್ಕನಿರುವ ಅಂಕಿ

ಬುಧವಾರ, ೧೬ ಜುಲೈ

ಇವತ್ತೂ ಕೊಡಲಿಲ್ಲ. ಹೋದ ವರ್ಷ ನಂಜನಗೂಡು ತಾಲ್ಲೂಕಿನಲ್ಲಿ ಹೆರಿಗೆಯಲ್ಲಿ ತೀರಿಕೊಂಡ ಹೆಂಗಸರೆಷ್ಟು, ಹಳ್ಳಿವಾರು ಕೊಡಿ ಎಂದಷ್ಟೇ ಮಾಹಿತಿ ಹಕ್ಕಿನಲ್ಲಿ ಕೇಳಿದ್ದೆ. ಆಗುವುದಿಲ್ಲ ಎಂದಿದ್ದಕ್ಕೆ ಮೇಲ್ಮನವಿ ಹಾಕಿದ್ದೆ. ಇವತ್ತು ಆರೋಗ್ಯ ಇಲಾಖೆಯ ಕಚೇರಿಯಲ್ಲಿ ಅದರ ವಿಚಾರಣೆ.

ಸಾಹೇಬರು ಕನ್ನಡಕ ತೆಗೆದು, "ಒಂದೊಂದು ಹಳ್ಳಿಗೆ ಒಬ್ರೋ ಇಬ್ರೋ ಇರ್ತಾರೆ. ಅಂಕಿ ಕೊಟ್ರೆ ಯಾರು ಅಂತ ಗೊತ್ತಾಗ್ಬಿಡುತ್ತೆ ಕಣಮ್ಮ. ಅದು ಖಾಸಗಿ ವಿಷಯ" ಎಂದರು.

"ಗೊತ್ತಾಗ್ಲಿ ಅಂತಾನೇ ಸಾ ಕೇಳ್ತಿರೋದು. ಅವ್ಳು ನಮ್ಮಕ್ಕ."

ಅವರು ಫೈಲು ಮುಚ್ಚಿದರು. ನಾನು ಅಲ್ಲೇ ಕೂಗಾಡಬೇಕಿತ್ತು. ಸುಮ್ಮನೆ ಎದ್ದು ಬಂದೆ, ಥೂ.

ಪವಿತ್ರಕ್ಕನನ್ನು ಕೊಟ್ಟಿದ್ದು ಪಕ್ಕದ ನರಸೀಪುರ ತಾಲ್ಲೂಕಿನ ಸೋಸಲೆಗೆ. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕೆಂದು ಅವ್ವ ಕರೆದುಕೊಂಡು ಬಂದಳು. ಬಂದವಳು ವಾಪಸು ಹೋಗಲಿಲ್ಲ. ಸತ್ತದ್ದು ನಿಮ್ಮ ತಾಲ್ಲೂಕಿನಲ್ಲಿ, ನಮ್ಮ ಲೆಕ್ಕಕ್ಕೆ ಬರುವುದಿಲ್ಲ ಎಂದು ನರಸೀಪುರದವರು ಮೊದಲೇ ಹೇಳಿದ್ದಾರೆ. ಇಲ್ಲಿಯವರು ಸೇರಿಸಿಕೊಂಡಿದ್ದಾರೋ ಇಲ್ಲವೋ, ಬಾಯಿ ಬಿಡುತ್ತಿಲ್ಲ.

ಮನೆಗೆ ಬಂದಾಗ ಅವ್ವ ಕೇಳಿದ್ದು ಒಂದೇ: "ನಮ್ ಪವಿತ್ರನ ಬರ್ಕಂಡವ್ರಾ ಇಲ್ವಾ, ಮಗಾ?"

ಅಕ್ಕ ಜಡೆ ಹಾಕುವಾಗ ನೋವಾಗುವಷ್ಟು ಬಿಗಿಯುತ್ತಿದ್ದಳು. ಇವತ್ತು ಬಸ್ಸಿನಲ್ಲಿ ಆ ನೋವು ಬೇಕೆನಿಸಿ ನನ್ನ ಜಡೆಯನ್ನು ನಾನೇ ಎಳೆದುಕೊಂಡೆ. ಪಕ್ಕದ ಹೆಂಗಸು ಒಂಥರಾ ನೋಡಿದಳು. ನೋಡಿಕೊಳ್ಳಲಿ.

ಹೆಸರು ಹಾಕುವುದು ಬೇಡ. ನಮ್ಮೂರಿನ ಮುಂದೆ ಒಂದು ಎಂದಿದ್ದರೆ ಸಾಕು. ಆ ಒಂದರ ಮೇಲೆ ಅವ್ವನ ಬೆರಳಿಡಿಸಿ, ನೋಡವ್ವ, ಇಲ್ಲೇ ಅವ್ಳೆ ಅಕ್ಕ, ಎನ್ನಬೇಕು.