ಮಗಳನ್ನು ಎತ್ತಲಾರದ ಬೆನ್ನು

ವಸತಿಶಾಲೆಯ ವಾರ್ಡನ್ ಮೇಡಂ ಅವರಿಗೆ ನಮಸ್ಕಾರ.

ನನ್ನ ಬೆನ್ನುಮೂಳೆಯ ಡಿಸ್ಕ್‌ಗಳು ಸವೆದಿವೆ. "ವ್ಯಾಯಾಮ ಮಾಡಿದ್ರೆ ನೋವು ಹಿಡಿತದಲ್ಲಿರುತ್ತೆ. ಆದ್ರೆ ಭಾರ ಮಾತ್ರ ಎತ್ತಲೇಬೇಡಿ" ಎಂದರು ಡಾಕ್ಟರು. ನಡೆಯಲಾಗದ ಹನ್ನೆರಡು ವರ್ಷದ ಮಗಳನ್ನು ದಿನಕ್ಕೆ ಎಂಟು ಸಲ ಎತ್ತುವವಳು ನಾನು. ಅದನ್ನು ಅವರಿಗೆ ಹೇಳದೆ ಎದ್ದು ಬಂದೆ.

ಹೋದ ವಾರ ಬಚ್ಚಲಿನಲ್ಲಿ ಸೊಂಟ ಹಿಡಿದುಕೊಂಡಿತು, ಅವಳು ನನ್ನ ಕೈಜಾರಿ ಬಿದ್ದಳು. ತುಟಿ ಒಡೆದಿತ್ತು. "ನಂಗೇನೂ ಆಗಿಲ್ಲಮ್ಮ, ನೀನು ಮೊದ್ಲು ಕೂತ್ಕೋ" ಎಂದಳು.

ಸೋಮವಾರ ಅವಳನ್ನು ನಿಮ್ಮಲ್ಲಿಗೆ ಕರೆತರುತ್ತೇನೆ. ಎಡಮಗ್ಗುಲಿಗೆ ಮಲಗಿಸಿ, ಮೊಣಕಾಲುಗಳ ನಡುವೆ ದಿಂಬಿಡಿ. ಎತ್ತುವ ಮೊದಲು ಅವಳಿಗೆ ಹೇಳಿ, ತಟ್ಟನೆ ಎತ್ತಿದರೆ ಬೆದರುತ್ತಾಳೆ.

ಓದಿಗಾಗಿ ಕಳಿಸುತ್ತಿದ್ದೇನೆ ಎಂದಿದ್ದೇನೆ. ನಂಬಿದವಳಂತೆ ಪುಸ್ತಕಗಳಿಗೆ ಬೈಂಡ್ ಹಾಕುತ್ತಿದ್ದಾಳೆ. ದಯವಿಟ್ಟು ನೀವೂ ನಂಬಿದವರಂತೆಯೇ ಇರಿ.

ಇಂತಿ,
ಅವಳ ಅಮ್ಮ